ಅಜ್ಜಿಯ ಸಿಂಗರ್ ತಿರುಗುತ್ತಿದೆ, ಹೊಲಿಗೆ ಮಾತ್ರ ಬೀಳುತ್ತಿಲ್ಲ

ಗದಗಿನ ಕೌದಿ:

ನಮಸ್ಕಾರ. ಊರಿನ ಹಳೆ ಮನೆಯ ಅಟ್ಟ ಖಾಲಿ ಮಾಡುವಾಗ ಅಜ್ಜಿಯ ಸಿಂಗರ್ ಕೈಮಿಷನ್ ಸಿಕ್ಕಿತು. ಮರದ ಮುಚ್ಚಳ ತೆಗೆದರೆ ಒಳಗೆ ಅರ್ಧ ರೀಲು ಕಪ್ಪು ದಾರ, ಎರಡು ಗುಂಡಿ, ಒಂದು ಜಿರಳೆ ಸಂಸಾರ. ನನ್ನ ಹತ್ತಿರ ಈಗಾಗಲೇ ಎರಡು ಹಳೆ ಉಷಾ ಇವೆ. ಇನ್ನೊಂದು ತಂದರೆ ತಾನು ಹೊರಗೆ ಮಲಗುತ್ತೇನೆ ಎಂದು ನಮ್ಮ ಮನೆಯವರು ಹೇಳಿದ್ದರು. ಆದರೂ ತಂದೇಬಿಟ್ಟೆ. ಅವರಿನ್ನೂ ಒಳಗೇ ಮಲಗುತ್ತಿದ್ದಾರೆ.

ಚಕ್ರ ಒಂದಿಂಚೂ ಅಲ್ಲಾಡುತ್ತಿರಲಿಲ್ಲ. ಅಜ್ಜಿ ಹೋದ ಮೇಲೆ ಯಾರೋ ಅಡುಗೆಮನೆಯ ಶೇಂಗಾ ಎಣ್ಣೆ ಬಿಟ್ಟಿದ್ದಾರೆ. ಅದು ಒಣಗಿ ಬೆಲ್ಲದ ಪಾಕದ ಹಾಗೆ ಕಂದಾಗಿ ಹಿಡಿದುಕೊಂಡಿತ್ತು. ಮೂರು ಅಂಗಡಿ ಸುತ್ತಿ ಸೀಮೆಎಣ್ಣೆ ತಂದು, ಎಣ್ಣೆ ತೂತಿಗೆಲ್ಲ ದಿನಾ ನಾಲ್ಕು ನಾಲ್ಕು ಹನಿ ಬಿಟ್ಟೆ. ಐದನೇ ದಿನ ಟಕ್ ಅಂತ ಬಿಟ್ಟುಕೊಂಡಿತು. ಆಮೇಲೆ ಮಿಷನ್ ಎಣ್ಣೆ ಹಾಕಿ ಒಂದು ಗಂಟೆ ಸುಮ್ನೆ ತಿರುಗಿಸಿದೆ.

ಈಗಿನ ತೊಂದರೆ: ಹೊಸ 16 ನಂಬರ್ ಸೂಜಿ ಹಾಕಿದರೂ ಕೆಳಗಿನ ದಾರ ಮೇಲೆ ಬರುವುದಿಲ್ಲ. ಅಪ್ಪಿತಪ್ಪಿ ನಾಲ್ಕು ಹೊಲಿಗೆ ಬಿದ್ದರೆ ಮುಂದಿನ ಹತ್ತು ಹಾರುತ್ತವೆ. ಇನ್ನೊಂದು, ಬಾಬಿನ್‌ಗೆ (ಕೆಳದಾರದ ಪುಟ್ಟ ಉರುಳೆ) ದಾರ ಸುತ್ತುವಾಗ ಚಕ್ರದ ನಡುವಿನ ತಿರುಪು ಸಡಿಲ ಮಾಡಿದರೂ ಸೂಜಿ ಕುಣಿಯುತ್ತಲೇ ಇರುತ್ತದೆ. ರಿಪೇರಿಯವರೊಬ್ಬರು ಕೆಳಗಡೆ ದಾರದ ಕುಣಿಕೆ ಹಿಡಿಯುವ ಶಟಲ್ ಸವೆದಿದೆ, ಗುಜರಿಗೆ ಹಾಕಿ, 700 ರೂಪಾಯಿ ಕೊಡುತ್ತೇನೆ ಎಂದರು. ಎಷ್ಟು ಆತುರ ನೋಡಿ.

ದಾರ ಬಿಗಿ ಮಾಡುವ ಟೆನ್ಶನ್ ಬಿಲ್ಲೆ ಎಡಗಡೆಯ ಮುಖದ ಮೇಲಿದೆ. ದುಂಡು ಬಾಬಿನ್, ಅದು ಕೂರುವ ಕೇಸ್ ಎಡದಿಂದ ಒಳಗೆ ಹೋಗುತ್ತದೆ. ಮಿಷನ್ನಿನ ಮೇಲೆ ಕೊರೆದ ನಂಬರ್ ‘ವೈ’ ಅಕ್ಷರದಿಂದ ಶುರು. ಇದರಲ್ಲಿ ನಾಲ್ಕು ಪದರದ ಕೌದಿ ಹೊಲಿಯಬೇಕೆಂದು ಆಸೆ. ಚಿನ್ನದ ಬಣ್ಣದ ಚಿತ್ರ ಅಲ್ಲಲ್ಲಿ ಅಳಿಸಿದೆ, ಹೊಸದಾಗಿ ಪೇಂಟ್ ಮಾಡಿಸಲೇ?

ಟೈಲರ್ ಮಗ, ದಾವಣಗೆರೆ:

ಅಕ್ಕಾ, 700ಕ್ಕೆ ಕೊಡಬೇಡಿ! ನೀವು ಹೇಳಿದ ಗುರುತಿನ ಪ್ರಕಾರ ಅದು ಸಿಂಗರ್‌ನ 15ನೇ ಕ್ಲಾಸ್ ಎಂಬ ಮಾದರಿಯ ಮಿಷನ್. ‘ವೈ’ ಎಂದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದು, 1920–30ರ ದಶಕದ್ದು. ಆ ಕಾರ್ಖಾನೆ 1980ರಲ್ಲೇ ಮುಚ್ಚಿತು. ಆದರೂ ಸಾಮಾನಿಗೆ ಚಿಂತೆ ಇಲ್ಲ. ನಮ್ಮ ಕಪ್ಪು ಉಷಾಗಳೂ ಇದೇ ಮಾದರಿಯವು, ಬಾಬಿನ್ ಅದರದ್ದೇ ಆಗುತ್ತದೆ. ಕೇಸ್ ಕೊಳ್ಳುವಾಗ ಮಾತ್ರ ಹಳೆಯದನ್ನು ಜೊತೆಗೆ ಒಯ್ಯಿರಿ. ಅದರ ಕೊಂಬು ಕೆಲವದರಲ್ಲಿ ಬೇರೆ ಕಡೆ ತಿರುಗಿರುತ್ತದೆ.

ನನ್ನ ಅನುಮಾನ ಸೂಜಿಯ ಮೇಲೆ. ನಿಮ್ಮ ಉಷಾಗಳಲ್ಲಿ ಒಂದು ಹೊಸ ಥರದ್ದಿರಬೇಕು, ಮುಂದಿನಿಂದ ಹಿಂದಕ್ಕೆ ದಾರ ಪೋಣಿಸುವುದು. ಅದೇ ಅಭ್ಯಾಸದಲ್ಲಿ ಇಲ್ಲೂ ಹಾಕಿದ್ದೀರಿ, ಅಲ್ವಾ? ಇದರಲ್ಲಿ ಸೂಜಿಯ ಚಪ್ಪಟೆ ಬದಿ ಎಡಕ್ಕೆ ಇರಬೇಕು, ದಾರ ಬಲದಿಂದ ಎಡಕ್ಕೆ ಹೋಗಬೇಕು. ಚಪ್ಪಟೆ ಬದಿಯಲ್ಲೇ ಶಟಲ್‌ನ ಮೊನೆ ಹಾದು ದಾರದ ಕುಣಿಕೆ ಹಿಡಿಯುತ್ತದೆ. ಸೂಜಿ ತಿರುಗಿದ್ದರೆ ಕುಣಿಕೆಯೇ ಸಿಗುವುದಿಲ್ಲ. ಪವರ್ ಮಿಷನ್ನಿನ ದುಂಡು ಬುಡದ ಸೂಜಿ ಬೇಡವೇ ಬೇಡ.

ಬಾಬಿನ್ ಸುತ್ತುವಾಗ ಸೂಜಿ ಕುಣಿಯುವುದಕ್ಕೆ ಕಾರಣ ಚಕ್ರದೊಳಗಿನ ವಾಷರ್ ಇರಬಹುದು. ಸ್ವಚ್ಛ ಮಾಡುವಾಗ ಬಿಚ್ಚಿದ್ದಿರಾ? ಬಿಚ್ಚಿದ್ದರೆ ಅದನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿ ನೋಡಿ. ನಮ್ಮಪ್ಪ ಬಿಚ್ಚುವ ಮುಂಚೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು. ನಾನು ಫೋನಲ್ಲಿ ಫೋಟೋ ತೆಗೆಯುತ್ತೇನೆ.

ನಾಲ್ಕು ಪದರಕ್ಕೆ ಪಾದದ ಮೇಲಿನ ತಿರುಪು ಸ್ವಲ್ಪ ಸಡಿಲಿಸಿ, ಹೊಲಿಗೆ ಉದ್ದ ಇಡಿ. ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಕೌದಿ ಅಂದರೆ ಕಷ್ಟ. ಉಷಾ ಕಾಲುಮಿಷನ್ನಿನ ಸ್ಟ್ಯಾಂಡ್ ಇದ್ದರೆ ಅಳತೆ ಹಿಡಿದು ನೋಡಿ. ತಳ ಸುಮಾರು 14½ ಇಂಚು ಉದ್ದ, 7 ಇಂಚು ಅಗಲ ಇದ್ದರೆ ಅದರಲ್ಲೇ ಕೂರುತ್ತದೆ. ಹಿಡಿಕೆ ಬಿಚ್ಚಿ ಬೆಲ್ಟ್ ಹಾಕಿದರಾಯ್ತು.

ತುಕ್ಕು ಪ್ರೇಮಿ:

ಪೇಂಟ್ ಬೇಡ, ದಮ್ಮಯ್ಯ. ನಾನು ನನ್ನ ಮೊದಲ ಮಿಷನ್ನಿಗೆ ಥಿನ್ನರ್ ಹಚ್ಚಿ ಉಜ್ಜಿದೆ. ಕೊಳೆಯ ಜೊತೆ ಅದರ ಮೇಲಿದ್ದ ಸ್ಫಿಂಕ್ಸ್ ಚಿತ್ರ ಅರ್ಧ ಬಟ್ಟೆಗೆ ಬಂತು. ಚಿತ್ರದ ಮೇಲಿರುವುದು ಅರಗಿನ ವಾರ್ನಿಷ್. ಸ್ಪಿರಿಟ್ ತಾಗಿದರೂ ಬೆಳ್ಳಗಾಗುತ್ತದೆ. ಹತ್ತಿಗೆ ಮಿಷನ್ ಎಣ್ಣೆ ಹಚ್ಚಿ, ಒತ್ತದೆ ಒರೆಸಿ. ಹತ್ತಿ ಹಳದಿಯಾದರೆ ನಿಲ್ಲಿಸಿ, ಅದು ಕೊಳೆ ಅಲ್ಲ, ಚಿನ್ನ. ಅಳಿಸಿದ ಜಾಗ ಹಾಗೇ ಇರಲಿ. ಅಲ್ಲಿ ನಿಮ್ಮಜ್ಜಿಯ ಕೈ ತಾಗಿದೆ.

ಯಲ್ಲಾಪುರ ಕಡೆಯವಳು:

ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ತುಂಡು ಜೋಡಿಸುವುದಕ್ಕೆ ಮಿಷನ್ ಸರಿ. ಪದರ ಕೂಡಿಸುವುದನ್ನು ಕೈಯಲ್ಲೇ ಮಾಡಿ. ಮಿಷನ್ ಹೊಲಿಗೆ ಬಿಗಿ, ಕೌದಿ ರಟ್ಟಿನ ಹಾಗೆ ಆಗುತ್ತದೆ. ನಮ್ಮ ಕಡೆ ಸಿದ್ದಿ ಹೆಂಗಸರ ಕೌದಿ, ಅವರು ಕವಂದಿ ಅನ್ನುವುದು, ನೋಡಿದ್ದೀರಾ? ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಎಲ್ಲಾ ಕೈಹೊಲಿಗೆ. ಮೂಲೆಗೆ ‘ಫುಲಾ’ ಅಂತ ಮಡಚಿದ ಪುಟ್ಟ ಬಟ್ಟೆ ಇಡದಿದ್ದರೆ ಅವರಿಗೆ ಅದು ಮುಗಿದ ಹಾಗಲ್ಲ.

ಗದಗಿನ ಕೌದಿ:

ದಾವಣಗೆರೆ ತಮ್ಮಾ, ನಿನ್ನ ಬಾಯಿಗೆ ಸಕ್ಕರೆ. ಸೂಜಿ ತಿರುಗಿಸಿ ಹಾಕಿದೆ, ಅಷ್ಟೇ. ಕೆಳಗಿನ ದಾರ ಮೇಲೆ ಬಂದಾಗ ಕಿರುಚಿಬಿಟ್ಟೆ. ಪಕ್ಕದ ಮನೆಯವರು ಕೈ ಹೊಲಿದುಕೊಂಡಳು ಅಂತ ಓಡಿ ಬಂದರು. ವಾಷರ್ ಕೂಡ ಉಲ್ಟಾ ಇತ್ತು, ಅದು ನನ್ನದೇ ತಪ್ಪು. ಸ್ಟ್ಯಾಂಡ್ ಅಳತೆ ನೋಡಿದೆ, ಕೂದಲೆಳೆಯಷ್ಟು ಸಂದು ಬಿಟ್ಟು ಕೂತಿತು. ಒರೆಸುವಾಗ ಹತ್ತಿ ಹಳದಿ ಆಗುತ್ತಿದ್ದ ಹಾಗೆ ನಿಲ್ಲಿಸಿದೆ.

ಯಲ್ಲಾಪುರದ ಅಕ್ಕನ ಮಾತೂ ಕೇಳಿದೆ. ಒಂದು ಮೂಲೆ ಮಿಷನ್, ಒಂದು ಮೂಲೆ ಕೈ, ಎರಡನ್ನೂ ಹೊಲಿದು ಹೊದ್ದು ನೋಡಿದೆ. ಮಿಷನ್ನಿನ ಮೂಲೆ ನಿಜವಾಗಿಯೂ ಮೈಗೆ ಒಗ್ಗಲಿಲ್ಲ. ಹಾಗಾಗಿ ಜೋಡಣೆ ಸಿಂಗರ್‌ದು, ಟಾಕಿ ನನ್ನದು. ಈಗ ಅಮ್ಮನ ಎರಡು ಇಳಕಲ್ ಸೀರೆ, ನಮ್ಮ ಮನೆಯವರ ಹಳೆ ಲುಂಗಿ ಕತ್ತರಿಸಿ ಕೂತಿದ್ದೇನೆ. ಗಜೇಂದ್ರಗಡದಲ್ಲಿ ಒಂದು ದೋಣಿ ಆಕಾರದ ಶಟಲ್‌ನ ಹಳೆ ಮಿಷನ್ ಮಾರಾಟಕ್ಕಿದೆಯಂತೆ. ಹೊರಗೆ ಮಲಗುವವರಿಗೆ ಹೊದಿಕೆ ಬೇಕಲ್ಲ.