ರಾಟ್‌ವೀಲರ್ ಮರಿ ತರಲಾ, ಬೇಡವಾ? ಸಾಕಿದವರು ಅನುಭವ ಹೇಳಿ

ಕೇಳಿದವರು: ಎಸ್.ಎಸ್. ಲೇಔಟ್, ದಾವಣಗೆರೆ
ನಮ್ಮದು 30×40 ಸೈಟಿನ ಮನೆ. ಮಗಳಿಗೆ 9 ವರ್ಷ, ಮಗನಿಗೆ 4. ಹರಿಹರದ ಸ್ನೇಹಿತರೊಬ್ಬರು 45 ದಿನದ ಗಂಡು ರಾಟ್‌ವೀಲರ್ ಮರಿಯನ್ನು 18,000ಕ್ಕೆ ಕೊಡುತ್ತೇನೆ ಎಂದಿದ್ದಾರೆ. ಆ ಜಾತಿಯೇ ಕೆಟ್ಟದ್ದು, ಅದು ಬಂದರೆ ನಾನು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗುತ್ತೇನೆ ಎನ್ನುತ್ತಾಳೆ ನನ್ನ ಹೆಂಡತಿ. ಜಾತಿಯಲ್ಲಿ ಏನಿಲ್ಲ, ಎಲ್ಲ ಸಾಕುವವನ ಕೈಯಲ್ಲಿದೆ ಎನ್ನುತ್ತಾರೆ ಸ್ನೇಹಿತರು. ಭಾನುವಾರದೊಳಗೆ ಅವರಿಗೆ ಹೇಳಬೇಕು.

ನಿಟುವಳ್ಳಿ:
ನಾಲ್ಕು ವರ್ಷ ರಾಟ್‌ವೀಲರ್ ಸಾಕಿದ್ದೆ. ಹೆಸರು ಭೀಮ. 2020ರ ಫೆಬ್ರವರಿಯಲ್ಲಿ ಮನೆಗೆ ಬಂತು, ಮುಂದಿನ ತಿಂಗಳೇ ಲಾಕ್‌ಡೌನ್. ಅದರ ನಡುವೆ ಪಾರ್ವೋ, ಮರಿಗಳಿಗೆ ಬರುವ ವಾಂತಿ-ಭೇದಿ ರೋಗ. ಬೈಕಿನ ಮುಂದೆ ಟವೆಲ್ ಸುತ್ತಿ ಕೂರಿಸಿಕೊಂಡು, ಪೊಲೀಸರಿಗೆ ಕೈ ಮುಗಿಯುತ್ತಾ ಆರು ದಿನ ಡ್ರಿಪ್ ಹಾಕಿಸಲು ಓಡಾಡಿದೆ. 11,400 ಆಯಿತು. ಆ ಚೀಟಿಗಳು ಇನ್ನೂ ಬೀರುವಿನಲ್ಲಿವೆ.

ಬದುಕಿತು. ಆಮೇಲೆ ನಾನು ಮಾಡಿದ್ದು ಕೇಳಿ. ನನ್ನದು ಎಪಿಎಂಸಿಯಲ್ಲಿ ಅಂಗಡಿ. ಬೆಳಿಗ್ಗೆ ಏಳರಿಂದ ರಾತ್ರಿ ಎಂಟರವರೆಗೆ ಅದು ಕಾರ್ ಶೆಡ್ಡಿನಲ್ಲಿ ನಾಲ್ಕು ಅಡಿ ಸರಪಳಿಯಲ್ಲಿ ಇರುತ್ತಿತ್ತು. ಬೀದಿಯ ಹುಡುಗರು ಗೇಟಿನ ಸಂದಿಯಿಂದ ಕೋಲು ತೂರಿಸಿ ಕೆಣಕುತ್ತಿದ್ದರು. ಯಾರಾದರೂ ಬಂದಾಗ ಅದು ಎಗರಿದರೆ ನಾನು ಬೆನ್ನು ತಟ್ಟುತ್ತಿದ್ದೆ. ಕಾವಲಿಗೆ ಒಳ್ಳೆಯದು ಎಂದುಕೊಂಡಿದ್ದೆ.

2023ರ ಮಾರ್ಚ್. ಸರಪಳಿಯ ಕೊಂಡಿ ಸವೆದಿತ್ತು, ನಾನು ನೋಡಿರಲಿಲ್ಲ. ಹಾಲು ಹಾಕುವ ಹುಡುಗ ಗೇಟು ತೆಗೆದ. ಮೊಣಕೈ ಕೆಳಗೆ 22 ಹೊಲಿಗೆ. ಸರ್ಕಾರಿ ಆಸ್ಪತ್ರೆಯಲ್ಲಿ ರೇಬಿಸ್ ಲಸಿಕೆ ಇತ್ತು, ಗಾಯದೊಳಗೆ ಹಾಕುವ ಸೀರಮ್ ಅವತ್ತು ಇರಲಿಲ್ಲ. ಹೊರಗಿನಿಂದ ತಂದೆವು, 6,200. ಖಾಸಗಿ ಆಸ್ಪತ್ರೆಗೆ 48,000. ಅವನ ಎರಡು ತಿಂಗಳ ಸಂಬಳ 24,000. ಹಿರಿಯರ ಮುಂದೆ ಕೂತು ಇನ್ನೂ 60,000. ಗೇಟು ಎತ್ತರಿಸಿದ್ದಕ್ಕೆ 17,500. ಒಟ್ಟು 1,55,700. ತಪ್ಪು ನಾಯಿಯದ್ದಲ್ಲ, ನನ್ನದು.

ಮೆದೇಹಳ್ಳಿ ರಸ್ತೆ, ಚಿತ್ರದುರ್ಗ:
ತಪ್ಪು ನನ್ನದು ಎಂದು ನೀವು ಹೇಳಿಕೊಂಡರೆ ಮುಗಿಯಿತಾ ಸರ್? ಕಚ್ಚಿಸಿಕೊಂಡವರ ಮನೆಯದ್ದೂ ಕೇಳಿ.

ನನ್ನ ಮೈದುನನ ಪಿಟ್‌ಬುಲ್. ಅದನ್ನು ಒಂದು ದಿನವೂ ಕಟ್ಟಿ ಹಾಕಿದವರಲ್ಲ. ಸೋಫಾ ಮೇಲೆ ಮಲಗುತ್ತಿತ್ತು. ತರಬೇತಿಗೆ ತಿಂಗಳಿಗೆ 6,000ದಂತೆ ನಾಲ್ಕು ತಿಂಗಳು ಕೊಟ್ಟಿದ್ದಾರೆ. ನನ್ನ ಮಗ ಅದರ ಜೊತೆ ಎರಡು ವರ್ಷ ಆಡಿದ್ದಾನೆ. ಅವನಿಗೆ ಆರು ವರ್ಷವಿದ್ದಾಗ, ಗೌರಿ ಹಬ್ಬದ ದಿನ, ನೆಲಕ್ಕೆ ಬಿದ್ದ ಚಕ್ಕುಲಿ ತೆಗೆದುಕೊಳ್ಳಲು ಬಗ್ಗಿದ. ಕೆನ್ನೆ ಹಿಡಿಯಿತು. ಬಿಡಿಸಲು ಮೂರು ಜನ ಬೇಕಾಯಿತು.

ಕಚ್ಚಿದ ದಿನ, ಮೂರನೇ ದಿನ, ಏಳು, ಹದಿನಾಲ್ಕು, ಇಪ್ಪತ್ತೆಂಟು. ಐದು ಸೂಜಿ. ಮೊದಲ ದಿನದ ಸೀರಮ್ಮನ್ನು ಕೆನ್ನೆಯ ಗಾಯದೊಳಕ್ಕೇ ಚುಚ್ಚುತ್ತಾರೆ. ಅವನ ತಲೆ ಹಿಡಿದುಕೊಂಡವಳು ನಾನು. ಪ್ಲಾಸ್ಟಿಕ್ ಸರ್ಜರಿಗೆ ದಾವಣಗೆರೆಗೆ ಹನ್ನೊಂದು ಸಲ ಬಂದಿದ್ದೇವೆ. 1,38,000, ಬಸ್ಸು, ಊಟ ಬಿಟ್ಟು. ಈಗಲೂ ಫೋಟೋ ತೆಗೆಯುವಾಗ ಎಡಕ್ಕೆ ತಿರುಗಿ ನಿಲ್ಲುತ್ತಾನೆ.

ಇಂಗ್ಲೆಂಡಿನಲ್ಲಿ ಗೂಳಿಗಳ ಮೇಲೆ ಬಿಡಲೆಂದೇ ಬೆಳೆಸಿದ ನಾಯಿಗಳ ವಂಶ ಅದು. 1835ರಲ್ಲಿ ಆ ಆಟಕ್ಕೆ ನಿಷೇಧ ಬಂದ ಮೇಲೆ ನಾಯಿಗೆ ನಾಯಿ ಕಾದಾಡಿಸಿದರು. ಹಿಡಿದದ್ದನ್ನು ಬಿಡದ ನಾಯಿಯಿಂದಲೇ ಮರಿ ತೆಗೆದರು. 1991ರಲ್ಲಿ ಅದೇ ದೇಶ ಕಾನೂನು ಮಾಡಿ ಪಿಟ್‌ಬುಲ್ ಸಾಕುವುದನ್ನು ನಿಷೇಧಿಸಿತು. 2022ರ ಜುಲೈನಲ್ಲಿ ಲಕ್ನೋದಲ್ಲಿ 82 ವರ್ಷದ ನಿವೃತ್ತ ಶಿಕ್ಷಕಿಯನ್ನು ಕೊಂದದ್ದು ಅವರ ಮನೆಯದೇ ಪಿಟ್‌ಬುಲ್. ಆ ತಾಯಿ ಏನು ತಪ್ಪು ಮಾಡಿದ್ದರು?

ಕೆ.ಟಿ.ಜೆ. ನಗರ, ದಾವಣಗೆರೆ:
ಅಕ್ಕ, ನಿಮ್ಮ ಮಗನ ವಿಷಯ ಓದಿ ಹೊಟ್ಟೆ ಉರಿಯಿತು. ಆದರೆ ಪಿಟ್‌ಬುಲ್ ಬೇರೆ, ರಾಟ್‌ವೀಲರ್ ಬೇರೆ. ಜರ್ಮನಿಯ ರಾಟ್‌ವೈಲ್ ಊರಿನಲ್ಲಿ ದನ ಅಟ್ಟಲು, ಕಟುಕರ ಗಾಡಿ ಎಳೆಯಲು ಸಾಕುತ್ತಿದ್ದ ನಾಯಿ ಇದು.

ನನ್ನದಕ್ಕೆ ಈಗ ಒಂಬತ್ತು ವರ್ಷ. ಒಬ್ಬರಿಗೂ ಹಲ್ಲು ತಾಗಿಸಿಲ್ಲ. ಅದು ಸುಮ್ನೆ ಆಗಲಿಲ್ಲ. ದಿನಾ ಬೆಳಿಗ್ಗೆ ಐದಕ್ಕೆ ಕುಂದವಾಡ ಕೆರೆ ಏರಿಯ ಮೇಲೆ ನಡಿಗೆ, ಜ್ವರ ಇದ್ದರೂ ತಪ್ಪಿಸಿಲ್ಲ. ಮರಿಯಿದ್ದಾಗ ಸಂತೆಗೆ, ಬಸ್ ಸ್ಟ್ಯಾಂಡಿಗೆ, ಮಂಡಕ್ಕಿ ಅಂಗಡಿಗೆ ಎತ್ತಿಕೊಂಡು ಹೋಗಿ ಜನ ತೋರಿಸಿದೆ. ಊಟಕ್ಕೆ ತಿಂಗಳಿಗೆ 7,800. ಹೋದ ವರ್ಷ ಹಿಂದಿನ ಕಾಲಿನ ಕೀಲಿಗೆ 32,000 ಸುರಿದೆ. ಇಷ್ಟು ಮಾಡಲಾಗದವರು ನಾಲ್ಕು ಅಡಿ ಸರಪಳಿಯಲ್ಲಿ ಕಟ್ಟಿ, ಕೊನೆಗೆ ಇಡೀ ಜಾತಿಗೆ ಕೆಟ್ಟ ಹೆಸರು ತರುತ್ತಾರೆ. ನಿಟುವಳ್ಳಿ ಸರ್, ನೇರವಾಗಿ ಹೇಳುತ್ತೇನೆ. ನಿಮ್ಮಂಥವರಿಂದಲೇ ನನ್ನ ನಾಯಿ ಕಂಡರೆ ಜನ ರಸ್ತೆ ದಾಟುತ್ತಾರೆ.

ನಿಟುವಳ್ಳಿ:
ನಾನು ಒಪ್ಪಿಕೊಂಡ ಮೇಲೂ ಮತ್ತೆ ಚುಚ್ಚುವುದು ಯಾಕೆ? ನಿಮಗೆ ಬೆಳಿಗ್ಗೆ ಐದಕ್ಕೆ ಎದ್ದು ಕೆರೆ ಸುತ್ತುವಷ್ಟು ಪುರುಸೊತ್ತು ಇದೆ. ನನ್ನ ಅಂಗಡಿಗೆ ಐದಕ್ಕೇ ಲಾರಿ ಬರುತ್ತದೆ.

ಕೆ.ಟಿ.ಜೆ. ನಗರ, ದಾವಣಗೆರೆ:
ಪುರುಸೊತ್ತು ಇಲ್ಲದವರು ತರಬಾರದಿತ್ತು ಸರ್. ನಾನು ಹೇಳುತ್ತಿರುವುದೂ ಅದನ್ನೇ.

ಮೆದೇಹಳ್ಳಿ ರಸ್ತೆ, ಚಿತ್ರದುರ್ಗ:
ಕೆ.ಟಿ.ಜೆ. ನಗರದವರೇ, ಒಂದು ಕೇಳುತ್ತೇನೆ. ನೆಂಟರು ಮಕ್ಕಳನ್ನು ಕರೆತಂದರೆ ಆ ನಾಯಿಯನ್ನು ಎಲ್ಲಿ ಇಡುತ್ತೀರಿ?

ಕೆ.ಟಿ.ಜೆ. ನಗರ, ದಾವಣಗೆರೆ:
ಹಿಂದಿನ ಕೋಣೆಯಲ್ಲಿ ಬಿಟ್ಟು ಚಿಲಕ ಹಾಕುತ್ತೇನೆ. ಅದು ಜವಾಬ್ದಾರಿ.

ಮೆದೇಹಳ್ಳಿ ರಸ್ತೆ, ಚಿತ್ರದುರ್ಗ:
ನಮ್ಮ ಪಕ್ಕದ ಮನೆಯವರು ಅವರ ನಾಟಿ ನಾಯಿಗೆ ಚಿಲಕ ಹಾಕುವುದಿಲ್ಲ. ಒಳಗೆ ನಿಮಗೂ ಭಯ ಇದೆ.

ಚಳ್ಳಕೆರೆ ಕಡೆಯವನು:
ನಮ್ಮದು ಕುರಿ ಮಂದೆ. 160 ಕುರಿ, ಎರಡು ನಾಟಿ ನಾಯಿ. ಮರಿ ಕಣ್ಣು ಬಿಡುವಾಗಲೇ ಹಟ್ಟಿಯಲ್ಲಿ ಕುರಿಗಳ ನಡುವೆ ಮಲಗಿಸುತ್ತೇವೆ. ಅದು ಕುರಿಯನ್ನೇ ತನ್ನ ಬಳಗ ಎಂದುಕೊಂಡು ಬೆಳೆಯುತ್ತದೆ. ತೋಳದ ವಾಸನೆ ಬಂದರೆ ಸಾಕು, ನಾವು ಎದ್ದು ದೊಣ್ಣೆ ಹುಡುಕುವುದರೊಳಗೆ ಅದು ಎದುರು ನಿಂತಿರುತ್ತದೆ. ಖರ್ಚು ಮುದ್ದೆ, ಮಜ್ಜಿಗೆ.

ತಂಗಿಯನ್ನು ಬಾಗಲಕೋಟೆ ಕಡೆ ಕೊಟ್ಟಿದ್ದೇವೆ. ಭಾವ ಆಸೆಪಟ್ಟು ಒಂದು ಮುಧೋಳ ಮರಿ ಕೊಟ್ಟರು. ಅದನ್ನೂ ಅದೇ ಹಟ್ಟಿಯಲ್ಲಿ, ಅದೇ ಕುರಿಗಳ ನಡುವೆ, ನಾನೇ ಬೆಳೆಸಿದೆ. ದೂರದಲ್ಲಿ ಮೊಲ ಅಲುಗಿದರೆ ಮಂದೆ ಬಿಟ್ಟು ಬಾಣದಂತೆ ಹೋಗುತ್ತಿತ್ತು. ಗದರಿದೆ, ಕಟ್ಟಿದೆ, ಹೊಡೆದೂ ನೋಡಿದೆ. ಒಂದು ಸಂಜೆ ಹಾಗೆ ಓಡಿದಾಗ ತೋಳ ಎರಡು ಕುರಿಮರಿ ಒಯ್ದಿತು. ಒಂದೊಂದು 7,000ದ ಮರಿ. ಆ ನಾಯಿ ಕೆಟ್ಟದ್ದಲ್ಲ. ಬೇಟೆಗೆ ಹುಟ್ಟಿದ್ದು, ಬೇಟೆಗೆ ಹೋಯಿತು. ಸಾಕುವವನ ಕೈಯಲ್ಲೇ ಎಲ್ಲ ಇದ್ದರೆ ನನ್ನ ಕೈಯಲ್ಲಿ ಅದು ಯಾಕೆ ಕುರಿ ನಾಯಿ ಆಗಲಿಲ್ಲ?

ಕೆ.ಟಿ.ಜೆ. ನಗರ, ದಾವಣಗೆರೆ:
ಬರೀ ಮುದ್ದೆ, ಮಜ್ಜಿಗೆ ಹಾಕಿ ನಾಯಿ ಸಾಕಿದ್ದೇನೆ ಎನ್ನಬೇಡಿ ಅಣ್ಣ. ಅದಕ್ಕೆ ಮಾಂಸ ಬೇಕು.

ಚಳ್ಳಕೆರೆ ಕಡೆಯವನು:
ನಿಮ್ಮದು 7,800 ತಿಂದು ಕೀಲು ಕೆಡಿಸಿಕೊಂಡಿದೆ. ನಮ್ಮ ಹನ್ನೊಂದು ವರ್ಷದ್ದು ಇವತ್ತೂ ದಿನಕ್ಕೆ ಹನ್ನೆರಡು ಮೈಲಿ ನಡೆಯುತ್ತದೆ. ಬಂದು ನೋಡಿ.

ಪಶುವೈದ್ಯ ವಿದ್ಯಾರ್ಥಿ, ಶಿವಮೊಗ್ಗ (ಊರು ಜಗಳೂರು):
ಚಳ್ಳಕೆರೆ ಅಣ್ಣ ಹೇಳಿದ್ದು ಸರಿ. ಓಡುವುದು, ಕಾಯುವುದು, ಹಿಡಿಯುವುದು ರಕ್ತದಲ್ಲಿ ಬರುತ್ತದೆ. ಆದರೆ ಒಂದು ನಾಯಿ ಕಚ್ಚುತ್ತದಾ ಇಲ್ಲವಾ ಎಂದು ತಳಿ ನೋಡಿ ಹೇಳಲು ಆಗುವುದಿಲ್ಲ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 18,000ಕ್ಕೂ ಜಾಸ್ತಿ ನಾಯಿಗಳ ಮಾಹಿತಿ ಇತ್ತು. ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ. ಮರಿಗೆ ಮೂರರಿಂದ ಹದಿನಾಲ್ಕು ವಾರ ಬಹಳ ಮುಖ್ಯ. ಆಗ ಹೊಸಬರನ್ನು ನೋಡದಿದ್ದರೆ ದೊಡ್ಡದಾದ ಮೇಲೆ ಎಲ್ಲರೂ ಶತ್ರುಗಳೇ. ನಿಟುವಳ್ಳಿ ಸರ್ ಭೀಮನಿಗೆ ಆ ವಾರಗಳು ಲಾಕ್‌ಡೌನಿನಲ್ಲೇ ಹೋದವು.

ಕಾನೂನಿನ ವಿಷಯ. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ರಾಟ್‌ವೀಲರ್, ಪಿಟ್‌ಬುಲ್ ಸೇರಿ 23 ತಳಿಗಳ ಆಮದು, ಮಾರಾಟ, ಮರಿ ಮಾಡಿಸುವುದನ್ನು ನಿಲ್ಲಿಸಿ ಎಂದು ರಾಜ್ಯಗಳಿಗೆ ಪತ್ರ ಬರೆದಿತ್ತು. ಏಪ್ರಿಲ್ 10ರಂದು ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆದರೆ ನಾಯಿಯನ್ನು ನಿರ್ಲಕ್ಷ್ಯದಿಂದ ಇಟ್ಟುಕೊಂಡರೆ ಮಾಲೀಕರ ಮೇಲೆ ಕೇಸು ಇದ್ದೇ ಇದೆ. ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 291ನೇ ಕಲಂ, ಆರು ತಿಂಗಳವರೆಗೆ ಜೈಲು, 5,000ದವರೆಗೆ ದಂಡ, ಇಲ್ಲವೇ ಎರಡೂ.

ಮೆದೇಹಳ್ಳಿ ರಸ್ತೆ, ಚಿತ್ರದುರ್ಗ:
ತಮ್ಮಾ, ಆ 18,000 ನಾಯಿಗಳ ಸ್ವಭಾವದ ಬಗ್ಗೆ ಉತ್ತರ ಬರೆದುಕೊಟ್ಟವರು ಯಾರು? ಮಾಲೀಕರೇ ಅಲ್ವಾ? ನನ್ನ ಮೈದುನನನ್ನು ಕೇಳಿದ್ದರೆ ಹಬ್ಬದ ಹಿಂದಿನ ದಿನದವರೆಗೂ ನಮ್ಮದು ತುಂಬಾ ಸಾಧು ಎಂದೇ ಬರೆಯುತ್ತಿದ್ದ. ಮತ್ತೆ 5,000 ದಂಡ! ನನ್ನ ಮಗನ ಒಂದು ಡ್ರೆಸ್ಸಿಂಗಿಗೆ 900 ಆಗುತ್ತಿತ್ತು.

ವಿದ್ಯಾನಗರ, ದಾವಣಗೆರೆ:
ನಮ್ಮ ಪಾಮೆರೇನಿಯನ್ ಮೂರು ಜನರಿಗೆ ಕಚ್ಚಿದೆ. ಯಾರೂ ಆ ಜಾತಿ ನಿಷೇಧಿಸಿ ಎನ್ನಲಿಲ್ಲ. ನೀವೆಲ್ಲ ರಾಟ್‌ವೀಲರ್ ಹಿಂದೆ ಬಿದ್ದಿದ್ದೀರಿ. ನಮ್ಮ ಬೀದಿಯ ಒಂಬತ್ತು ಬೀದಿ ನಾಯಿಗಳಿಗೆ ಮಾಲೀಕ ಯಾರು? ದಿನಾ ಅನ್ನ ಹಾಕಿ ಹೋಗುವವರು ಆಸ್ಪತ್ರೆ ಬಿಲ್ ಕಟ್ಟುತ್ತಾರಾ?

ಪಿ.ಜೆ. ಬಡಾವಣೆ, ದಾವಣಗೆರೆ:
ಅನ್ನ ಹಾಕುವವಳು ನಾನೇ. ನಿಮ್ಮ ಬೀದಿಯಲ್ಲಲ್ಲ, ನಮ್ಮ ಬೀದಿಯಲ್ಲಿ. ನನ್ನ ಕೈಯಿಂದ 16 ನಾಯಿಗಳಿಗೆ ರೇಬಿಸ್ ಲಸಿಕೆ ಹಾಕಿಸಿದ್ದೇನೆ. ಏಳು ಹೆಣ್ಣು ನಾಯಿಗಳಿಗೆ ಆಪರೇಷನ್ ಮಾಡಿಸಿದ್ದೇನೆ, ಒಂದಕ್ಕೆ 2,200ರಂತೆ. ನಿಮ್ಮ ಪಾಮೆರೇನಿಯನ್‌ಗೆ ಈ ವರ್ಷದ ಲಸಿಕೆ ಆಗಿದೆಯಾ?

ವಿದ್ಯಾನಗರ, ದಾವಣಗೆರೆ:
ಅದು ಮನೆಯೊಳಗೇ ಇರುತ್ತದೆ, ಪ್ರತಿ ವರ್ಷ ಯಾಕೆ?

ಪಶುವೈದ್ಯ ವಿದ್ಯಾರ್ಥಿ, ಶಿವಮೊಗ್ಗ:
ಮೂರು ಜನರಿಗೆ ಕಚ್ಚಿದೆ ಎಂದು ನೀವೇ ಬರೆದಿದ್ದೀರಿ ಮೇಡಂ! ದಯವಿಟ್ಟು ನಾಳೆಯೇ ಹಾಕಿಸಿ. ಕಚ್ಚಿಸಿಕೊಂಡವರು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದರಾ, ಲಸಿಕೆ ತೆಗೆದುಕೊಂಡರಾ, ಅದನ್ನೂ ವಿಚಾರಿಸಿ. ನಾಯಿ ಚಿಕ್ಕದಾದರೂ ರೇಬಿಸ್ ಚಿಕ್ಕದಲ್ಲ. ಇನ್ನು ನಾಲ್ಕು ಕೆಜಿ ನಾಯಿ ಕೋಪ ಬಂದಾಗ ಮಾಡುವುದಕ್ಕೂ 50 ಕೆಜಿ ನಾಯಿ ಮಾಡುವುದಕ್ಕೂ ವ್ಯತ್ಯಾಸ ಇದೆ. ಅಷ್ಟರ ಮಟ್ಟಿಗೆ ಮೆದೇಹಳ್ಳಿ ಅಕ್ಕನ ಮಾತು ನಾನು ತಳ್ಳಿಹಾಕುವುದಿಲ್ಲ.

ಎಸ್.ಎಸ್. ಲೇಔಟ್, ದಾವಣಗೆರೆ:
ಎಲ್ಲರಿಗೂ ವಂದನೆ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಹಗಲು ಮನೆಯಲ್ಲಿ ಅತ್ತೆ ಒಬ್ಬರೇ. ಇದನ್ನು ಮೊದಲೇ ಬರೆಯಬೇಕಿತ್ತು. ನಿಟುವಳ್ಳಿ ಸರ್, ಭೀಮ ಈಗ ಎಲ್ಲಿದೆ?

ನಿಟುವಳ್ಳಿ:
ಚನ್ನಗಿರಿ ಕಡೆ ಒಂದು ಅಡಿಕೆ ತೋಟದಲ್ಲಿದೆ. ಹತ್ತು ಎಕರೆಗೂ ತಂತಿ ಬೇಲಿ ಇದೆ, ರಾತ್ರಿ ಬಿಟ್ಟಿರುತ್ತಾರೆ. ತಿಂಗಳಿಗೊಮ್ಮೆ ಹೋಗುತ್ತೇನೆ. ಬೈಕಿನ ಸದ್ದಿಗೇ ಗೇಟಿಗೆ ಓಡಿ ಬರುತ್ತದೆ.

ಮೆದೇಹಳ್ಳಿ ರಸ್ತೆ, ಚಿತ್ರದುರ್ಗ:
ಆ ಹುಡುಗನನ್ನು ನೋಡಲು ಹೋಗುತ್ತೀರಾ?

ನಿಟುವಳ್ಳಿ:
ಎರಡು ಸಲ ಹೋಗಿದ್ದೆ ಅಕ್ಕ. ಮೂರನೇ ಸಲ ಅವನ ತಾಯಿ, ಬರಬೇಡಿ, ನಿಮ್ಮನ್ನು ನೋಡಿದ ರಾತ್ರಿ ಅವನು ನಿದ್ದೆ ಮಾಡುವುದಿಲ್ಲ ಎಂದರು. ನಮ್ಮ ಬೀದಿಗೆ ಈಗ ಬೇರೆ ಹುಡುಗ ಹಾಲು ಹಾಕುತ್ತಾನೆ.