ಶಾಲೆಗಳು ಮುಚ್ಚುತ್ತಿರುವ ಬಡಾವಣೆಯಲ್ಲಿ ಮನೆ ಕೊಳ್ಳಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ, ಡೆನ್ವರ್‌ನಿಂದ

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ಡೆನ್ವರ್ ನಗರದ ವಾಯವ್ಯ ಭಾಗದಲ್ಲಿ ಮನೆ ಹುಡುಕುತ್ತಿದ್ದೇವೆ. ಮಗಳು ಮುಂದಿನ ವರ್ಷ ಕಿಂಡರ್‌ಗಾರ್ಟನ್ ಸೇರಬೇಕು. ಹಿಂದೆ ಮೆಕ್ಸಿಕನ್ ಮೂಲದ ಕುಟುಂಬಗಳು ತಲೆಮಾರುಗಳಿಂದ ನೆಲೆಸಿದ್ದ ಇಲ್ಲಿನ ಬೀದಿಗಳಲ್ಲಿ ಈಗ ಹಳೆಯ ಇಟ್ಟಿಗೆ ಮನೆಗಳನ್ನು ಕೆಡವಿ, ಅದೇ ಸೈಟಿನಲ್ಲಿ ಎರಡೆರಡು ಹೊಸ ಮನೆಗಳನ್ನು ಕಟ್ಟಿ ಮಾರುತ್ತಿದ್ದಾರೆ. ಮನೆಗಳು ಹೆಚ್ಚುತ್ತಿವೆ, ಬೆಲೆಯೂ ಏರುತ್ತಿದೆ. ಆದರೆ ನಗರದ ಶಾಲಾ ಮಂಡಳಿಯು ಮಕ್ಕಳ ಸಂಖ್ಯೆ ಇಳಿದಿದೆಯೆಂದು 2024ರ ನವೆಂಬರ್‌ನಲ್ಲಿ ಏಳು ಶಾಲೆಗಳನ್ನು ಮುಚ್ಚಲು ಮತ್ತು ಇನ್ನೂ ಮೂರರಲ್ಲಿ ಕೆಲವು ತರಗತಿಗಳನ್ನು ನಿಲ್ಲಿಸಲು ಒಮ್ಮತದಿಂದ ತೀರ್ಮಾನಿಸಿತು. ಹೊಸಬರು ಬಂದು ತುಂಬುತ್ತಿರುವ ಬಡಾವಣೆಯಲ್ಲಿ ಶಾಲೆ ಖಾಲಿಯಾಗುವುದು ಹೇಗೆ? ಈ ವಿಳಾಸಕ್ಕೆ ಇಂಥದ್ದೇ ಶಾಲೆ ಎಂದು ಏಜೆಂಟರು ಹೇಳುವ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು? ನಾವು ಅಲ್ಲಿಗೆ ಹೋಗುವುದರಿಂದ ಮೊದಲಿನಿಂದ ಇರುವವರಿಗೆ ಏನಾಗುತ್ತದೆ ಎಂಬುದನ್ನೂ ತಿಳಿಯುವ ಆಸೆ ಇದೆ.

ಉತ್ತರ, ಚಿಕಾಗೋದಿಂದ

ನಮಸ್ಕಾರ. ನಾನು ಚಿಕಾಗೋದ ಸೌತ್ ಲೂಪ್‌ನಲ್ಲಿ ಬಹುಕಾಲ ಬಾಡಿಗೆಗಿದ್ದು, ಆಮೇಲೆ ಅಲ್ಲಿಯೇ ಫ್ಲ್ಯಾಟ್ ಕೊಂಡವನು. ತಮ್ಮ ಮೊದಲ ಪ್ರಶ್ನೆಗೆ ಉತ್ತರ ಸರಳವಾಗಿದೆ. ಮೂರು ಮಕ್ಕಳ ಸಂಸಾರವೊಂದು ಬಾಡಿಗೆ ತಾಳಲಾರದೆ ಊರ ಹೊರಗೆ ಹೋದರೆ, ಆ ಜಾಗಕ್ಕೆ ಮಕ್ಕಳಿಲ್ಲದ ದಂಪತಿಗಳೋ ತೊಟ್ಟಿಲ ಕೂಸಿರುವವರೋ ಬರುತ್ತಾರೆ. ಆ ಕೂಸಿಗೆ ಐದು ವರ್ಷ ತುಂಬುವ ಹೊತ್ತಿಗೆ ಅವರಲ್ಲಿ ಅನೇಕರು ಉಪನಗರಕ್ಕೆ ಹೊರಡುತ್ತಾರೆ, ಇಲ್ಲವೇ ಖಾಸಗಿ ಶಾಲೆಯನ್ನೋ ಸರ್ಕಾರಿ ಹಣದಲ್ಲಿ ಸ್ವತಂತ್ರ ಸಂಸ್ಥೆಗಳು ನಡೆಸುವ ಚಾರ್ಟರ್ ಶಾಲೆಯನ್ನೋ ಹಿಡಿಯುತ್ತಾರೆ. ಆದ್ದರಿಂದ ಬೀದಿ ತುಂಬಿ, ಶಾಲೆ ಬರಿದಾಗುತ್ತದೆ.

2013ರ ಮೇ ತಿಂಗಳಲ್ಲಿ ನಮ್ಮ ನಗರದ ಶಿಕ್ಷಣ ಮಂಡಳಿಯು ಒಂದೇ ಸಭೆಯಲ್ಲಿ ಸುಮಾರು 50 ಶಾಲೆಗಳನ್ನು ಮುಚ್ಚಲು ಮತ ಹಾಕಿತು. 2000ದಿಂದ 2010ರವರೆಗೆ ನಗರವು ಸುಮಾರು 1,80,000 ಕಪ್ಪು ಜನರನ್ನು ಕಳೆದುಕೊಂಡಿತ್ತು. ಸರ್ಕಾರ ಬಡವರಿಗೆ ಬಾಡಿಗೆಗೆ ಕೊಡುವ ಪಬ್ಲಿಕ್ ಹೌಸಿಂಗ್‌ನ ಎತ್ತರದ ಕಟ್ಟಡಗಳನ್ನು ನೆಲಸಮ ಮಾಡಿದ್ದು ಅದಕ್ಕೆ ಒಂದು ಕಾರಣ. ಶಾಲೆ ಖಾಲಿ ಇದೆ ಎಂಬುದನ್ನು ಅಳೆದದ್ದು ತರಗತಿಗೆ 30 ಮಕ್ಕಳಿರಬೇಕು ಎಂಬ ಲೆಕ್ಕದಿಂದ. ವಿಶೇಷ ಅಗತ್ಯದ ಮಕ್ಕಳನ್ನು ಸಣ್ಣ ಗುಂಪಿನಲ್ಲಿ ಕೂರಿಸುವ ಕೋಣೆ ಅಂಥ ಲೆಕ್ಕದಲ್ಲಿ ಖಾಲಿ ಕೋಣೆಯಂತೆ ಕಾಣುತ್ತದೆ. ಶಾಲೆ ಕಳೆದುಕೊಂಡ ಮಕ್ಕಳಲ್ಲಿ ಬಹುಪಾಲು ಕಪ್ಪು ಮಕ್ಕಳು. ಚಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು ನಂತರ ಪರಿಶೀಲಿಸಿದಾಗ, ಮಕ್ಕಳ ಅಂಕಗಳು ವಿಶೇಷವಾಗಿ ಕುಸಿದದ್ದು ಮುಚ್ಚುವ ಸುದ್ದಿ ಹೊರಬಿದ್ದ ವರ್ಷದಲ್ಲಿಯೇ ಎಂದು ಕಂಡುಬಂತು. ಇದನ್ನು ಏಕೆ ಹೇಳುತ್ತೇನೆಂದರೆ, ಶಾಲೆಯ ಹೆಸರು ಪಟ್ಟಿಯಲ್ಲಿ ಬಂದ ದಿನವೇ ಒಳ್ಳೆಯ ಶಿಕ್ಷಕರು ಬೇರೆ ಕೆಲಸ ನೋಡಿಕೊಳ್ಳಲು ಶುರುಮಾಡುತ್ತಾರೆ. ಬೀಗ ಬೀಳುವವರೆಗೆ ಎಲ್ಲವೂ ಮೊದಲಿನಂತೆ ನಡೆಯುತ್ತದೆ ಎಂದುಕೊಳ್ಳಬೇಡಿ.

ಮುಚ್ಚಿದ ಕಟ್ಟಡಕ್ಕೆ ಏನಾಗುತ್ತದೆ ಎಂಬುದೂ ಬಡಾವಣೆಯ ದಿಕ್ಕನ್ನು ತೋರಿಸುತ್ತದೆ. ಅಪ್‌ಟೌನ್‌ನಲ್ಲಿದ್ದ ಸ್ಟೀವರ್ಟ್ ಶಾಲೆಯ ಕಟ್ಟಡವನ್ನು ಈಗ ಸ್ಟೀವರ್ಟ್ ಸ್ಕೂಲ್ ಲಾಫ್ಟ್ಸ್ ಎಂಬ ಹೆಸರಿನಲ್ಲಿ ದುಬಾರಿ ಬಾಡಿಗೆ ಮನೆಗಳನ್ನಾಗಿ ಮಾಡಿದ್ದಾರೆ. ಅದೇ ನಗರದ ದಕ್ಷಿಣ ಮತ್ತು ಪಶ್ಚಿಮ ಭಾಗಗಳಲ್ಲಿ ಮುಚ್ಚಿದ ಅನೇಕ ಕಟ್ಟಡಗಳನ್ನು ವರ್ಷಗಟ್ಟಲೆ ಯಾರೂ ಕೊಳ್ಳಲಿಲ್ಲ.

ಯಾವ ವಿಳಾಸದ ಮಕ್ಕಳಿಗೆ ಯಾವ ಶಾಲೆ ಎಂದು ಗೊತ್ತುಮಾಡುವ ವಲಯದ ಗೆರೆ ಬದಲಿಸುವ ವಿಷಯದಲ್ಲಿ ಸೌತ್ ಲೂಪ್‌ನ ಪ್ರಕರಣವನ್ನು ತಾವು ತಿಳಿದಿರಲೇಬೇಕು. ಹ್ಯಾರಲ್ಡ್ ಇಕೀಸ್ ಹೋಮ್ಸ್ ಎಂಬ ಪಬ್ಲಿಕ್ ಹೌಸಿಂಗ್ ಪಕ್ಕದಲ್ಲಿ ಅಲ್ಲಿನ ಮಕ್ಕಳಿಗೆಂದೇ ನ್ಯಾಷನಲ್ ಟೀಚರ್ಸ್ ಅಕಾಡೆಮಿ ಎಂಬ ಪ್ರಾಥಮಿಕ ಶಾಲೆ ಬಂತು. ಮನೆಗಳನ್ನು ಕೆಡವಿದರು, ಶಾಲೆ ಉಳಿಯಿತು. ಉಳಿದದ್ದಷ್ಟೇ ಅಲ್ಲ, ನಗರದ ಅತ್ಯುತ್ತಮ ದರ್ಜೆಯನ್ನೂ ಗಳಿಸಿತು. ಅಷ್ಟರಲ್ಲಿ ಸುತ್ತಲಿನ ಹೊಸ ಗೋಪುರಗಳ ನಿವಾಸಿಗಳಿಗೆ ಹೈಸ್ಕೂಲು ಬೇಕಾಯಿತು. ಮಂಡಳಿಯು 2018ರ ಫೆಬ್ರವರಿಯಲ್ಲಿ ಇದೇ ಕಟ್ಟಡವನ್ನು ಹೈಸ್ಕೂಲಾಗಿ ಪರಿವರ್ತಿಸಿ, ಪ್ರಾಥಮಿಕ ಮಕ್ಕಳನ್ನು ಹತ್ತಿರದ ಸೌತ್ ಲೂಪ್ ಶಾಲೆಯ ವಲಯಕ್ಕೆ ಸೇರಿಸಲು ಒಪ್ಪಿತು. ಆ ದಿನಗಳ ಒಂದು ಸಭೆಯಲ್ಲಿ ಮುಂದಿನ ಸಾಲುಗಳಲ್ಲಿ ಮಗುವಿನ ತಳ್ಳುಗಾಡಿ ಇಟ್ಟುಕೊಂಡ ನನ್ನಂಥವರು ಕುಳಿತಿದ್ದರೆ, ಹಿಂದಿನ ಸಾಲುಗಳಲ್ಲಿ ಕೆಲಸದ ಸಮವಸ್ತ್ರದಲ್ಲಿಯೇ ಬಂದಿದ್ದ ತಾಯಂದಿರೂ ಅಜ್ಜಿಯರೂ ಇದ್ದರು. ಅವರಲ್ಲಿ ಒಬ್ಬರು ಎದ್ದು ನಿಂತು, "ನಿಮ್ಮ ಮಕ್ಕಳಿಗೆ ಹೈಸ್ಕೂಲು ಬೇಕು, ಸರಿ. ಅದಕ್ಕೆ ನಮ್ಮ ಶಾಲೆಯೇ ಏಕೆ ಕಣ್ಣಿಗೆ ಬಿತ್ತು?" ಎಂದು ಕೇಳಿದರು. ಮುಂದಿನ ಸಾಲಿನವರು ಯಾರೂ ತಿರುಗಿ ನೋಡಲಿಲ್ಲ. ಪೋಷಕರು ನ್ಯಾಯಾಲಯಕ್ಕೆ ಹೋದರು. 2018ರ ಡಿಸೆಂಬರ್‌ನಲ್ಲಿ ಕುಕ್ ಕೌಂಟಿಯ ನ್ಯಾಯಾಧೀಶರು ರಾಜ್ಯದ ನಾಗರಿಕ ಹಕ್ಕುಗಳ ಕಾಯ್ದೆಯ ಆಧಾರದ ಮೇಲೆ ತಡೆಯಾಜ್ಞೆ ಕೊಟ್ಟರು, ಮಂಡಳಿ ಯೋಜನೆಯನ್ನು ಕೈಬಿಟ್ಟಿತು. ಹೊಸ ಹೈಸ್ಕೂಲನ್ನು ಲೆಕ್ಕಕ್ಕೆ ಹಿಡಿದು ಫ್ಲ್ಯಾಟ್ ಕೊಂಡಿದ್ದವರ ಲೆಕ್ಕ ತಲೆಕೆಳಗಾಯಿತು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ನಮ್ಮಲ್ಲಿಯೇ ಇದೆ. ಶ್ರೀಮಂತರ ಗೋಲ್ಡ್ ಕೋಸ್ಟ್‌ನಲ್ಲಿದ್ದ ಆಗ್ಡೆನ್ ಶಾಲೆ ತುಂಬಿ ತುಳುಕುತ್ತಿತ್ತು. ಸ್ವಲ್ಪವೇ ದೂರದಲ್ಲಿ ಹಿಂದಿನ ಕ್ಯಾಬ್ರಿನಿ-ಗ್ರೀನ್ ಪಬ್ಲಿಕ್ ಹೌಸಿಂಗ್‌ನ ಮಕ್ಕಳು ಓದುತ್ತಿದ್ದ ಜೆನ್ನರ್ ಶಾಲೆಯ ದೊಡ್ಡ ಕಟ್ಟಡ ಬಹುಪಾಲು ಖಾಲಿ ಇತ್ತು. ಎರಡೂ ಕಡೆಯ ಮುಖ್ಯೋಪಾಧ್ಯಾಯರು ಮತ್ತು ಪೋಷಕರು ವರ್ಷಗಟ್ಟಲೆ ಮಾತಾಡಿಕೊಂಡು, ತಾವಾಗಿಯೇ ವಿಲೀನವನ್ನು ಕೇಳಿ 2018ರಲ್ಲಿ ಪಡೆದರು. ಆಮೇಲೆ ಎಲ್ಲವೂ ಸುಸೂತ್ರವಾಯಿತೆಂದು ನಾನು ಹೇಳಲಾರೆ. ಆದರೆ ಮೇಲಿನಿಂದ ಬಂದ ಆದೇಶಕ್ಕೂ ಕೆಳಗಿನಿಂದ ಬಂದ ಕೋರಿಕೆಗೂ ಇರುವ ಅಂತರವನ್ನು ನೋಡಿದ್ದೇನೆ.

ಉತ್ತರ, ಬ್ರೂಕ್ಲಿನ್‌ನಿಂದ

ಚಿಕಾಗೋದವರು ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ ಇದೆ. ಬೆಂಗಳೂರಿನಲ್ಲಿ ಬೆಳೆದ ನಮಗೆ ಶಾಲೆ ಎಂದರೆ ವ್ಯಾನ್ ಹತ್ತಿ ನಗರದ ಯಾವ ಮೂಲೆಗಾದರೂ ಹೋಗುವ ಸ್ಥಳ. ಮನೆಯ ವಿಳಾಸವೇ ಪ್ರವೇಶಪತ್ರ ಎಂಬುದು ಇಲ್ಲಿಗೆ ಬಂದ ಮೇಲೆ ಅರ್ಥವಾಗುವ ಸಂಗತಿ. ಆದರೆ ಆ ಪ್ರವೇಶಪತ್ರದ ಅವಧಿ ಮುಂದಿನ ಗೆರೆ ಎಳೆಯುವವರೆಗೆ ಮಾತ್ರ. ನಮ್ಮ ನಗರದಲ್ಲಿ ಪ್ರಾಥಮಿಕ ಶಾಲೆಗಳ ವಲಯ ಬದಲಿಸಲು ಆಯಾ ಡಿಸ್ಟ್ರಿಕ್ಟ್‌ನ, ಅಂದರೆ ನಗರದ ಶಾಲೆಗಳ ಆಯಾ ವಿಭಾಗದ, ಸಮುದಾಯ ಶಿಕ್ಷಣ ಪರಿಷತ್ತು ಒಪ್ಪಬೇಕು. ಅದರಲ್ಲಿ ಕೂರುವವರು ಹೆಚ್ಚಾಗಿ ಪೋಷಕರೇ.

2016ರ ಜನವರಿಯಲ್ಲಿ 13ನೇ ಡಿಸ್ಟ್ರಿಕ್ಟ್‌ನ ಪರಿಷತ್ತು ಡಂಬೋ ಮತ್ತು ವಿನೆಗರ್ ಹಿಲ್ ಭಾಗಗಳನ್ನು, ಕಿಕ್ಕಿರಿದು ಕಿಂಡರ್‌ಗಾರ್ಟನ್‌ಗೆ ವೇಟಿಂಗ್ ಲಿಸ್ಟ್ ಬೆಳೆಯುತ್ತಿದ್ದ ಪಿ.ಎಸ್. (ಪಬ್ಲಿಕ್ ಸ್ಕೂಲ್) 8ರಿಂದ ತೆಗೆದು, ಫ್ಯಾರಗಟ್ ಹೌಸಸ್ ಎಂಬ ಪಬ್ಲಿಕ್ ಹೌಸಿಂಗ್‌ನ ಮಕ್ಕಳು ಓದುತ್ತಿದ್ದ ಪಿ.ಎಸ್. 307ಕ್ಕೆ ಸೇರಿಸಿತು. ಡಂಬೋದ ಕೆಲವು ಪೋಷಕರು ಅಂಕಗಳನ್ನು ಮುಂದಿಟ್ಟು ಆತಂಕ ತೋಡಿಕೊಂಡದ್ದು ಎಲ್ಲ ಪತ್ರಿಕೆಗಳಲ್ಲಿ ಬಂತು. ಫ್ಯಾರಗಟ್‌ನ ಪೋಷಕರಿಗೂ ಆತಂಕವಿತ್ತು ಎಂಬುದರತ್ತ ಹೊರಗಿನವರ ಗಮನ ಅಷ್ಟಾಗಿ ಹರಿಯಲಿಲ್ಲ. ಮ್ಯಾಂಡರಿನ್ ಪಾಠವನ್ನೂ ಸಂಗೀತವನ್ನೂ ತಂದು ತಾವೇ ಕಟ್ಟಿಕೊಂಡ ಶಾಲೆಯಲ್ಲಿ ನಾಳೆ ತಮ್ಮ ಮಕ್ಕಳಿಗೇ ಸೀಟಿಲ್ಲದಂತೆ ಆದೀತೇ ಎಂಬುದು ಅವರ ಪ್ರಶ್ನೆಯಾಗಿತ್ತು.

ಆ ಪ್ರಶ್ನೆಯ ಹಿಂದೆ ಹಣದ ಲೆಕ್ಕವೂ ಇದೆ. ಬಡ ಮಕ್ಕಳ ಪ್ರಮಾಣ ಹೆಚ್ಚಿರುವ ಶಾಲೆಗೆ ಒಕ್ಕೂಟ ಸರ್ಕಾರದಿಂದ ಟೈಟಲ್ ಒನ್ ಅನುದಾನ ಬರುತ್ತದೆ. ಬ್ರೂಕ್ಲಿನ್‌ನಲ್ಲಿ ಆ ಮಿತಿ ಶೇ. 60. ಹೊಸಬರ ಮಕ್ಕಳು ಸೇರಿ ಆ ಪ್ರಮಾಣ ಶೇ. 55ಕ್ಕೆ ಇಳಿದರೆ, ಅರ್ಧಕ್ಕಿಂತ ಹೆಚ್ಚು ಮಕ್ಕಳು ಇನ್ನೂ ಬಡವರಾಗಿರುವಾಗಲೇ ಆ ಹಣ ನಿಲ್ಲುತ್ತದೆ, ಅದರಿಂದ ಸಂಬಳ ಪಡೆಯುತ್ತಿದ್ದ ಓದಿನ ತಜ್ಞರೋ ಸಹಾಯಕರೋ ಹೋಗುತ್ತಾರೆ. ಆ ಕೊರತೆಯನ್ನು ಪೋಷಕರ ಸಂಘ ತುಂಬಿಕೊಡುತ್ತದೆ ಎನ್ನುತ್ತಾರೆ. ಮಗ ಓದಿದ ಶಾಲೆಯಲ್ಲಿ ಸಂಘ ಹಣ ಕೂಡಿಸುವ ರೀತಿಯೇ ಬದಲಾದದ್ದನ್ನು ಕಂಡೆ: ಮೊದಲು ಅಜ್ಜಿಯರು ಮನೆಯಿಂದ ಅನ್ನ, ಕಾಳು, ಹುರಿದ ಕೋಳಿ ಮಾಡಿ ತಂದು ತಟ್ಟೆಯ ಲೆಕ್ಕದಲ್ಲಿ ಮಾರುತ್ತಿದ್ದರು, ಆಮೇಲೆ ರಜಾಮನೆಯ ವಾರಾಂತ್ಯಗಳನ್ನು ಹರಾಜು ಹಾಕುವ ಸಂಜೆಗಳು ಬಂದವು, ಹಣ ಹೆಚ್ಚು ಬಂತು, ಅಜ್ಜಿಯರು ಬರುವುದನ್ನು ನಿಲ್ಲಿಸಿದರು. ಕೂಡಿದ ಹಣವನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ನಿರ್ಧರಿಸುವ ಸಭೆಗಳಲ್ಲಿಯೂ ಅವರು ಇರಲಿಲ್ಲ.

ಆದ್ದರಿಂದ ತಾವು ಮಗಳನ್ನು ಅಂಥ ಶಾಲೆಗೆ ಸೇರಿಸುವುದಾದರೆ, ಸೇರಿಸಿದ ಮರುದಿನವೇ ಸಂಘದ ಪದಾಧಿಕಾರಿಯಾಗಲು ಹೊರಡಬೇಡಿ ಎಂಬುದು ನನ್ನ ವಿನಂತಿ.

ಉತ್ತರ, ವಾಷಿಂಗ್ಟನ್ ಡಿ.ಸಿ.ಯಿಂದ

ಇಲ್ಲಿ 2008ರಲ್ಲಿ 23 ಶಾಲೆಗಳನ್ನೂ, 2013ರ ಸುತ್ತಿನಲ್ಲಿ ಇನ್ನೂ 15 ಶಾಲೆಗಳನ್ನೂ ಮುಚ್ಚುವ ತೀರ್ಮಾನಗಳಾದವು. ನನ್ನ ಅನುಭವದಲ್ಲಿ ಮುಖ್ಯವಾದದ್ದು ಕಾಲದ ಪ್ರಶ್ನೆ. ಹಳಬರು ಹೊರಟು, ಹೊಸಬರ ಮಕ್ಕಳು ಇನ್ನೂ ಶಾಲೆಯ ವಯಸ್ಸಿಗೆ ಬಾರದಿರುವ ಕೆಲವು ವರ್ಷಗಳಲ್ಲಿ ದಾಖಲಾತಿ ತಳಮುಟ್ಟುತ್ತದೆ; ಮುಚ್ಚುವ ನಿರ್ಣಯ ಆಗುವುದು ಅಂಥ ವರ್ಷದಲ್ಲಿಯೇ. ಪೆಟ್‌ವರ್ತ್‌ನ ಮ್ಯಾಕ್‌ಫಾರ್ಲೆಂಡ್ ಮಿಡ್ಲ್ ಸ್ಕೂಲನ್ನು 2013ರಲ್ಲಿ ಮುಚ್ಚಿದರು. 2014ರಲ್ಲಿ ನಗರದ ಶಾಲಾ ಗಡಿಗಳನ್ನು ದಶಕಗಳ ನಂತರ ಪೂರ್ತಿಯಾಗಿ ಪರಿಷ್ಕರಿಸಿದಾಗ, ಕ್ರೆಸ್ಟ್‌ವುಡ್‌ನಂಥ ಬಡಾವಣೆಗಳನ್ನು ಬಹು ಬೇಡಿಕೆಯ ಡೀಲ್ ಮಿಡ್ಲ್ ಸ್ಕೂಲಿನ ವಲಯದಿಂದ ತೆಗೆದು, ಆಗ ಬಾಗಿಲು ಹಾಕಿದ್ದ ಮ್ಯಾಕ್‌ಫಾರ್ಲೆಂಡ್‌ಗೆ ಜೋಡಿಸುವುದೆಂದು ಬರೆದರು! ಇಲ್ಲದ ಶಾಲೆಗೆ ನಮ್ಮನ್ನು ಕಳುಹಿಸುತ್ತಿದ್ದಾರೆ ಎಂದು ಅಲ್ಲಿನವರು ಸಿಟ್ಟಾದದ್ದು ಸಹಜ. ಆ ಶಾಲೆ 2016ರಲ್ಲಿ ಮತ್ತೆ ಆರಂಭವಾಯಿತು. ಶಾ ಬಡಾವಣೆಯವರು ಅಷ್ಟು ಅದೃಷ್ಟವಂತರಲ್ಲ. ಅವರ ಮಿಡ್ಲ್ ಸ್ಕೂಲಿನ ಕಟ್ಟಡವನ್ನು 2008ರಲ್ಲಿ ಮುಚ್ಚಿದರು. ಅದೇ ಜಾಗದಲ್ಲಿ ಹೊಸದನ್ನು ಕಟ್ಟಿಕೊಡುತ್ತಾರೆಂದು ಕಾದರು. ಕೊನೆಗೆ 2021ರಲ್ಲಿ ಅಲ್ಲಿ ತೆರೆದದ್ದು ಇಡೀ ನಗರದಿಂದ ಪರೀಕ್ಷಿಸಿ ಆರಿಸಿಕೊಳ್ಳುವ ಬ್ಯಾನೆಕರ್ ಹೈಸ್ಕೂಲು. ಭವಿಷ್ಯದ ಶಾಲೆಯ ಭರವಸೆಯ ಮೇಲೆ ಮನೆಯ ಬೆಲೆ ಏರುತ್ತದೆ. ಭರವಸೆ ಈಡೇರದಿದ್ದರೂ ಏರಿದ ಬೆಲೆ ಇಳಿಯುವುದಿಲ್ಲ.

ಇನ್ನೊಂದು ಮಾತು. 2014ರ ಪರಿಷ್ಕರಣೆಯ ಹೊತ್ತಿಗೆ ನಮ್ಮ ಸಾರ್ವಜನಿಕ ಶಾಲೆಗಳ ಮಕ್ಕಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲು ಮಾತ್ರ ತಮ್ಮ ವಲಯದ ಶಾಲೆಗೆ ಹೋಗುತ್ತಿದ್ದರು. ಡೆನ್ವರ್‌ನಲ್ಲಿಯೂ ವಲಯದ ಹೊರಗಿನ ಶಾಲೆಯನ್ನೂ ಕೇಳಬಹುದಾದ ಆಯ್ಕೆಯ ಪದ್ಧತಿ ಇದೆ. ಆದ್ದರಿಂದ ವೆಬ್‌ಸೈಟುಗಳ ಹತ್ತಕ್ಕೆ ಇಷ್ಟು ಎಂಬ ಅಂಕಿಗಿಂತ, ವಲಯದಲ್ಲಿ ವಾಸಿಸುವ ಮಕ್ಕಳಲ್ಲಿ ಎಷ್ಟು ಪಾಲು ಅದೇ ಶಾಲೆಯಲ್ಲಿದ್ದಾರೆ ಎಂಬುದನ್ನು ಡಿಸ್ಟ್ರಿಕ್ಟ್ ಕಚೇರಿಯಲ್ಲಿ ಕೇಳಿ. ಆ ಪಾಲು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಶಾಲೆ ಮುಚ್ಚುವ ಪಟ್ಟಿಗೆ ಹತ್ತಿರವಾಗುತ್ತಿದೆ ಎಂದೇ ತಿಳಿಯಬೇಕು.

ಉತ್ತರ, ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂನಿಂದ

ನಮ್ಮದು ತಾವು ಹೇಳುವಂಥ ಬಡಾವಣೆಯಲ್ಲ, ಮೊದಲಿನಿಂದ ಅನುಕೂಲವಂತರದ್ದೇ. ಆದರೂ ಮನೆಗಳ ಬೆಲೆ ಎಳೆಯ ಸಂಸಾರಗಳ ಕೈಗೆ ಎಟುಕದಂತಾದಾಗ ಇಲ್ಲಿಯೂ ಮಕ್ಕಳು ಕಡಿಮೆಯಾಗಿ, 2023ರಲ್ಲಿ ಈಸ್ಟ್‌ಗೇಟ್ ಮತ್ತು ವಿಲ್ಬರ್ಟನ್ ಪ್ರಾಥಮಿಕ ಶಾಲೆಗಳು ಬೇರೆಯವುಗಳಲ್ಲಿ ವಿಲೀನವಾದವು. ವಿಲ್ಬರ್ಟನ್‌ನ ಕಟ್ಟಡ ತೆರೆದದ್ದು 2018ರಲ್ಲಿ! ಕಟ್ಟಡ ಹೊಸದು, ಆದ್ದರಿಂದ ಶಾಲೆ ಭದ್ರ ಎಂಬ ತರ್ಕವನ್ನು ಯಾರಾದರೂ ಮುಂದಿಟ್ಟರೆ ಇದನ್ನು ನೆನಪಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಕೊಳ್ಳುವುದನ್ನು ಸದ್ಯಕ್ಕೆ ಮುಂದೂಡಿ, ಅದೇ ಬಡಾವಣೆಯಲ್ಲಿ ಬಾಡಿಗೆಗೆ ಇದ್ದು ನೋಡೋಣ ಎಂದು ಮನೆಯಲ್ಲಿ ಮಾತಾಯಿತು. ಮುಂದಿನ ತಿಂಗಳು ಶಾಲಾ ಮಂಡಳಿಯ ಸಾರ್ವಜನಿಕ ಸಭೆ ಇದೆ. ಹೊಸಬರಾದ ನಾವು ಅಲ್ಲಿ ಮಾತಾಡುವುದು ಸರಿಯೇ? ಏನನ್ನು ಕೇಳಬೇಕು?

ಉತ್ತರ, ಡೆನ್ವರ್‌ನ ಇನ್ನೊಬ್ಬರಿಂದ

ಖಂಡಿತ ಹೋಗಿ. ಹೋಗುವ ಮುನ್ನ ನಮ್ಮದೇ ನಗರದ ಸನ್ ವ್ಯಾಲಿಯ ಕಥೆಯನ್ನು ಓದಿಕೊಳ್ಳಿ. ಅಲ್ಲಿನ ಪಬ್ಲಿಕ್ ಹೌಸಿಂಗನ್ನು ಕೆಡವಿ ಹೊಸದಾಗಿ ಕಟ್ಟುವ ಕೆಲಸ ನಡೆದಿರುವಾಗಲೇ, ಮಕ್ಕಳು ಕಡಿಮೆ ಎಂಬ ಕಾರಣಕ್ಕೆ ಫೇರ್‌ವ್ಯೂ ಪ್ರಾಥಮಿಕ ಶಾಲೆಯನ್ನು 2023ರಲ್ಲಿ ಮುಚ್ಚಿದರು. ಮನೆಗಳು ಮುಗಿದರೆ ಸಂಸಾರಗಳು ಮರಳುತ್ತವೆ, ಅಲ್ಲಿಯವರೆಗೆ ತಡೆಯಿರಿ ಎಂದು ನಿವಾಸಿಗಳು ಕೇಳಿಕೊಂಡಿದ್ದರು. ಡಿ.ಸಿ.ಯವರು ಹೇಳಿದ ಕಾಲದ ಪ್ರಶ್ನೆ ಇಲ್ಲಿಯೂ ಅದೇ.

ಸಭೆಯಲ್ಲಿ ಮೊದಲು ಕೇಳಬೇಕಾದದ್ದು, ಮಕ್ಕಳ ಸಂಖ್ಯೆಯ ಮುನ್ನಂದಾಜಿನಲ್ಲಿ ಪರವಾನಗಿ ಸಿಕ್ಕಿರುವ ಹೊಸ ಮನೆಗಳನ್ನು ಹೇಗೆ ಲೆಕ್ಕ ಹಿಡಿದಿದ್ದಾರೆ, ಅವುಗಳಲ್ಲಿ ಎರಡು ಮೂರು ಮಲಗುವ ಕೋಣೆಗಳಿರುವವು ಎಷ್ಟು ಎಂಬುದು. ಒಂದೇ ಕೋಣೆಯ ಫ್ಲ್ಯಾಟುಗಳ ಗೋಪುರದಿಂದ ಶಾಲೆಗೆ ಮಕ್ಕಳು ಬರುವುದಿಲ್ಲ. ಆಮೇಲೆ, ಗೆರೆ ಬದಲಾದರೆ ಈಗಾಗಲೇ ಓದುತ್ತಿರುವವರ ತಮ್ಮ ತಂಗಿಯರಿಗೆ ಅದೇ ಶಾಲೆಯಲ್ಲಿ ಸೀಟು ಖಾತ್ರಿಯೇ, ಮಕ್ಕಳನ್ನು ಸೇರಿಸಿಕೊಳ್ಳುವ ಶಾಲೆಯಲ್ಲಿ ಸ್ಪ್ಯಾನಿಷ್ ಮಾಧ್ಯಮದ ತರಗತಿಗಳು ಮುಂದುವರಿಯುತ್ತವೆಯೇ, ಕಾರಿಲ್ಲದ ಮನೆಗಳ ಮಕ್ಕಳಿಗೆ ಬಸ್ಸು ಉಂಟೇ ಎಂದು ಕೇಳಿ. ಕೊನೆಯ ಎರಡು ಪ್ರಶ್ನೆಗಳು ತಮ್ಮ ಮಗಳಿಗೆ ಸಂಬಂಧಿಸಿದವಲ್ಲ, ನಿಜ. ಆದರೆ ಅವನ್ನು ಕೇಳಬೇಕಾದ ತಾಯಂದಿರು ಆ ಹೊತ್ತಿನಲ್ಲಿ ಹೆಚ್ಚಾಗಿ ಸಂಜೆಯ ಪಾಳಿಯಲ್ಲಿರುತ್ತಾರೆ. ಮಾತಾಡಲು ಹೆಸರು ನೋಂದಾಯಿಸುವ ಅವಧಿ ಸಭೆಗೆ ಮೊದಲೇ ಮುಗಿಯುತ್ತದೆ. ದಿನಾಂಕವನ್ನು ಮಂಡಳಿಯ ಪ್ರಕಟಣೆಯಲ್ಲಿ ಈಗಲೇ ನೋಡಿಟ್ಟುಕೊಳ್ಳಿ.