ಸಹಾಯ ಬೇಕು: ಸ್ಲೀವ್ ಸರ್ಜರಿ ಆದಮೇಲೆ ಮುದ್ದೆ ಹೇಗೆ ತಿನ್ನುತ್ತೀರಾ?

ಎಲ್ಲರಿಗೂ ನಮಸ್ಕಾರ. ನಾವು ತುಮಕೂರಿನವರು. ನಮ್ಮಕ್ಕನಿಗೆ ತೂಕ ಇಳಿಸುವ ಸ್ಲೀವ್ ಸರ್ಜರಿ ಆಗಿ ಮೂರು ತಿಂಗಳಾಯಿತು. ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದಿದ್ದಾರೆ. ಗಂಜಿ, ಮೆತ್ತನೆ ಊಟ ದಾಟಿ ಈಗ ಮಾಮೂಲಿ ಊಟಕ್ಕೆ ಬಂದಿದ್ದಾಳೆ.

ತಕರಾರು ಮುದ್ದೆಯದ್ದು. ಚಿಕ್ಕಂದಿನಿಂದ ಸಾರಲ್ಲಿ ಅದ್ದಿ ನುಂಗಿದವಳು. ಈಗ ಪ್ರತಿ ತುತ್ತನ್ನೂ ನುಣ್ಣಗೆ ಅಗಿಯಬೇಕಂತೆ. ಅಗಿದರೆ ಹಲ್ಲಿಗೆಲ್ಲ ಮೆತ್ತಿಕೊಳ್ಳುತ್ತದೆ, ನುಂಗಿದರೆ ಎದೆಯಲ್ಲಿ ಸಿಕ್ಕಿಕೊಂಡ ಹಾಗಾಗುತ್ತದೆ. ಊಟದ ಜೊತೆ ನೀರು ಕುಡಿಯುವ ಹಾಗೂ ಇಲ್ಲ, ಅರ್ಧ ಗಂಟೆ ಬಿಡಬೇಕು. ಅಂಬಲಿ ಕುಡಿ ಅಂದರೆ ಮುಖ ಸಿಂಡರಿಸುತ್ತಾಳೆ. ಚೆಕಪ್‌ಗೆ ಹೋದಾಗ ಡಾಕ್ಟರನ್ನೂ ಕೇಳುತ್ತೇವೆ, ಆದರೆ ಅವರು ಮುದ್ದೆ ಉಣ್ಣುವವರಲ್ಲ ಅಲ್ವಾ!

ಇನ್ನೊಂದು, ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕಂತೆ. ಒಂದು ಮೊಟ್ಟೆಯಲ್ಲಿ ಸಿಗುವುದೇ 6 ಗ್ರಾಂ. ಅರ್ಧ ಬಟ್ಟಲಿಗೇ ಹೊಟ್ಟೆ ತುಂಬುತ್ತದೆ. ಮೊಳಕೆ ಹುರುಳಿ, ಪನೀರ್, ಮೀನು ಬಿಟ್ಟು ಏನು ಮಾಡಿಕೊಡುತ್ತೀರಾ?

ಅಮಾನಿಕೆರೆ ಹತ್ತಿರ ದಿನಾ ವಾಕಿಂಗ್ ನಡೆಯುತ್ತಿದೆ. ಸ್ನಾಯು ಕರಗದಿರಲಿ ಅಂತ ಈಗ ಹಗುರವಾಗಿ ತೂಕ ಎತ್ತಲೂ ಹೇಳಿದ್ದಾರೆ. ಊರಲ್ಲಿ ಹೆಂಗಸರಿಗೆ ನಿಧಾನವಾಗಿ ಕಲಿಸುವವರು ಗೊತ್ತಿದ್ದರೆ ತಿಳಿಸಿ. ಸುಮ್ನೆ ಡಯಟ್ ಚಾರ್ಟ್ ಕಳಿಸಬೇಡಿ, ಇದೇ ಸರ್ಜರಿ ಆದವರು ಮನೆಯಲ್ಲಿ ಏನು ಉಣ್ಣುತ್ತೀರಾ ಅಂತ ಬರೆಯಿರಿ.